ಇಚಿಗಾಯಾದ ಬಾಗಿಲ ಮೇಲಿನ ಮೂರು ಗಾಯ

ಜಪಾನಿನ ಲೇಖಕ ಯುಕಿಯೊ ಮಿಶಿಮಾನ ಒಂದು ಪುಸ್ತಕವನ್ನೂ ಓದದವರಿಗೂ ಅವನ ಸಾವು ಗೊತ್ತಿರುತ್ತದೆ. 1970ರ ನವೆಂಬರ್ 25. ಟೋಕಿಯೊದ ಇಚಿಗಾಯಾದಲ್ಲಿದ್ದ ಸೇನಾ ಕಚೇರಿಗೆ ನಾಲ್ವರು ಹುಡುಗರನ್ನು ಕರೆದುಕೊಂಡು ಹೋದ. ಅಲ್ಲಿನ ಕಮಾಂಡರ್‌ನನ್ನು ಕುರ್ಚಿಗೆ ಕಟ್ಟಿಹಾಕಿದ. ಬಾಲ್ಕನಿಗೆ ಬಂದು, ಕೆಳಗೆ ಸೇರಿದ್ದ ಸೈನಿಕರಿಗೆ ದಂಗೆ ಏಳಿ ಎಂದು ಭಾಷಣ ಮಾಡಿದ. ಅವರು ಕೂಗಿ ಬೈದರು. ಒಳಗೆ ಹೋಗಿ ಸೆಪ್ಪುಕು ಮಾಡಿಕೊಂಡ, ಅಂದರೆ ಹಳೆಯ ಸಮುರಾಯ್‌ಗಳ ಹಾಗೆ ಕತ್ತಿಯಿಂದ ಹೊಟ್ಟೆ ಸೀಳಿಕೊಂಡು ಸತ್ತ. ಆಗ ಅವನಿಗೆ 45 ವರ್ಷ.

ಇದೊಂದು ಗೊತ್ತಾದ ಮೇಲೆ ಅವನ ಪುಸ್ತಕಗಳನ್ನು ಬೇರೆ ಥರ ಓದುವುದೇ ಕಷ್ಟ. 24ನೇ ವಯಸ್ಸಿನಲ್ಲಿ ಬರೆದ ಕಾದಂಬರಿಯಲ್ಲೂ ನಾವು ಆ ಕತ್ತಿಯನ್ನೇ ಹುಡುಕುತ್ತೇವೆ. ಸುಮ್ನೆ ಸಮುದ್ರದ ಬಗ್ಗೆ ಬರೆದಿದ್ದರೂ ಅದರಲ್ಲಿ ಸಾವಿನ ಸುಳಿವು ಇದೆ ಅನ್ನುತ್ತೇವೆ. ಕಾಲೇಜಿನ ದಿನಗಳಿಂದ ನಾನೂ ಹಾಗೇ ಓದುತ್ತಾ ಬಂದಿದ್ದೆ. ಅವನ ವಾಕ್ಯಗಳು ನನಗೆ ತುಂಬಾ ಇಷ್ಟ. ಅವನ ರಾಜಕೀಯ ನನಗೆ ಒಗ್ಗುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳುವುದು ಅನ್ನುವುದು ವರ್ಷಗಟ್ಟಲೆ ಕಾಡಿದ ಪ್ರಶ್ನೆ. ಜಪಾನಿಗೆ ಹೋಗುವ ಅವಕಾಶ ಬಂದಾಗ ಫುಜಿ ಪರ್ವತಕ್ಕಿಂತ ಮೊದಲು ಪಟ್ಟಿಯಲ್ಲಿ ಬರೆದುಕೊಂಡ ಹೆಸರು ಇಚಿಗಾಯಾ.

ಇಚಿಗಾಯಾ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ನಿಂತರೆ ಕೆಳಗೆ ಒಂದು ಮೀನಿನ ಕೊಳ ಕಾಣುತ್ತದೆ. ಜನ ಗಾಳ ಹಾಕಿಕೊಂಡು, ರೈಲು ಬಂದರೂ ಹೋದರೂ ತಲೆ ಎತ್ತದೆ ಕೂತಿರುತ್ತಾರೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ರಕ್ಷಣಾ ಸಚಿವಾಲಯದ ಗೇಟು. ಒಳಗೆ ಹೋಗಲು ಮೊದಲೇ ಹೆಸರು ಕೊಟ್ಟಿರಬೇಕು. ಜಪಾನಿನಲ್ಲೇ ಕೆಲಸದಲ್ಲಿರುವ ನನ್ನ ಗೆಳೆಯ, ಶಿವಮೊಗ್ಗದ ಕಡೆಯವನು, ಎಲ್ಲ ವ್ಯವಸ್ಥೆ ಮಾಡಿದ್ದ. ಗೈಡ್ ಹೇಳುವುದನ್ನು ಕಿವಿಯಲ್ಲಿ ಕನ್ನಡಕ್ಕೆ ತಿರುಗಿಸುವ ಕೆಲಸವೂ ಅವನದೇ.

ಮಿಶಿಮಾ ಭಾಷಣ ಮಾಡಿದ ಕಟ್ಟಡ ಈಗ ಮೊದಲಿದ್ದ ಜಾಗದಲ್ಲಿಲ್ಲ. ಕಚೇರಿಗಳನ್ನು ಹೊಸದಾಗಿ ಕಟ್ಟುವಾಗ ಹಳೆಯದನ್ನು ಕೆಡವಿ, ಮುಖ್ಯ ಭಾಗವನ್ನಷ್ಟೇ ಅದೇ ಆವರಣದ ಇನ್ನೊಂದು ಮೂಲೆಯಲ್ಲಿ ಮತ್ತೆ ಜೋಡಿಸಿದ್ದಾರೆ. 1998ರಿಂದ ಅದು ಸ್ಮಾರಕ ಭವನ. 1937ರಲ್ಲಿ ಸೈನಿಕ ಅಕಾಡೆಮಿಗಾಗಿ ಕಟ್ಟಿದ್ದು. ಯುದ್ಧದ ಕಾಲದಲ್ಲಿ ಸೇನೆಯ ಪ್ರಧಾನ ಕಚೇರಿ. ಸೋತ ಮೇಲೆ ಇಲ್ಲಿನ ಸಭಾಂಗಣದಲ್ಲೇ ಜಪಾನಿನ ಯುದ್ಧಕಾಲದ ನಾಯಕರ ಮೇಲಿನ ಟೋಕಿಯೊ ವಿಚಾರಣೆ ನಡೆದದ್ದು, 1946ರಿಂದ 1948ರವರೆಗೆ. ಗೈಡ್ ನಮ್ಮ ಕಡೆ ನೋಡಿ ಪಾಲ್ ಅಂದರು. ರಾಧಾಬಿನೋದ್ ಪಾಲ್. ಕಲ್ಕತ್ತಾದಿಂದ ಹೋಗಿದ್ದ ನ್ಯಾಯಮೂರ್ತಿ. ಆರೋಪಿಗಳಿಗೆ ಶಿಕ್ಷೆ ಕೊಡುವ ಅಧಿಕಾರ ಗೆದ್ದವರ ಈ ಕೋರ್ಟಿಗೆ ಇಲ್ಲ ಎಂದು ಬೇರೆಯಾಗಿ ತೀರ್ಪು ಬರೆದವರು. ನಮ್ಮಲ್ಲಿ ಅವರ ಹೆಸರು ಎಷ್ಟು ಜನಕ್ಕೆ ಗೊತ್ತೋ. ಅಲ್ಲಿ ಶಾಲೆ ಮಾಸ್ತರರಂತೆ ಕಾಣುತ್ತಿದ್ದ ಒಬ್ಬ ಹಿರಿಯರು, ಪಾಲ್ ಹೆಸರು ಬಂದ ಕೂಡಲೇ ನಮಗೆ ತಲೆಬಾಗಿ ನಮಸ್ಕಾರ ಮಾಡಿದರು. ನನಗೆ ಇರಿಸುಮುರಿಸಾಯಿತು. ಪಾಲ್ ಅವರು ಜಪಾನಿ ಸೈನ್ಯದ ಕ್ರೌರ್ಯವನ್ನು ಇಲ್ಲ ಅಂದವರಲ್ಲ. ಆ ತೀರ್ಪಿನ ಬೇಕಾದ ಅರ್ಧವನ್ನು ಮಾತ್ರ ಎತ್ತಿ ಹಿಡಿಯುವವರು ಜಪಾನಿನಲ್ಲಿ ಜಾಸ್ತಿ.

ಸಭಾಂಗಣದ ಮರದ ನೆಲ ಹಳೆಯದೇ. ನಡೆದರೆ ಕಿರುಗುಡುತ್ತದೆ. ವೇದಿಕೆಯ ಮೇಲೆ ಚಕ್ರವರ್ತಿ ಕೂರುತ್ತಿದ್ದ ಜಾಗ. ಮಹಡಿ ಹತ್ತಿದರೆ ಕಮಾಂಡರ್ ಕೋಣೆ. ನಾನು ಕಲ್ಪಿಸಿಕೊಂಡಿದ್ದಕ್ಕಿಂತ ತುಂಬಾ ಚಿಕ್ಕದು. ಅಲ್ಲಿ ಬಾಗಿಲ ಹತ್ತಿರ ಗೈಡ್ ನಿಂತು, ಮರದ ಮೇಲೆ ಮೂರು ಕಡೆ ಬೆರಳು ತೋರಿಸಿದರು. ಕತ್ತಿಯ ಏಟುಗಳು. ಉದ್ದದ, ಕಿರಿದಾದ ಕಚ್ಚು. ಒಂದು ಸ್ವಲ್ಪ ಆಳವಾಗಿದೆ. ಬೆರಳಿನ ತುದಿ ಹಿಡಿಸುವಷ್ಟು. ಮುಟ್ಟಬೇಕು ಅನ್ನಿಸಿತು, ಮುಟ್ಟಲಿಲ್ಲ.

ಆ ಗುರುತುಗಳು ಮಿಶಿಮಾನ ಸಾವಿನವಲ್ಲ. ಕಮಾಂಡರ್‌ನನ್ನು ಬಿಡಿಸಲು ಒಳಗೆ ನುಗ್ಗಿದ ಅಧಿಕಾರಿಗಳ ಮೇಲೆ ಬೀಸಿದ ಕತ್ತಿ ಅದು. ಅವತ್ತು ಎಂಟು ಮಂದಿ ಗಾಯಗೊಂಡರು. ಮಿಶಿಮಾ ಬಗ್ಗೆ ನಾನು ಓದಿದ ಬರಹಗಳಲ್ಲೆಲ್ಲ ಈ ಎಂಟು ಜನಕ್ಕೆ ಸಿಗುವುದು ಅರ್ಧ ಸಾಲು. ಅವರಿಗೂ ಮನೆಯಿತ್ತು, ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಬಂದಿದ್ದರು ಅಲ್ವಾ? ಬಾಲ್ಕನಿಯ ಫೋಟೋ ಪ್ರಪಂಚಕ್ಕೆಲ್ಲ ಗೊತ್ತು. ತಲೆಗೆ ಬಿಳಿ ಪಟ್ಟಿ, ಸೊಂಟಕ್ಕೆ ಕೈ, ಮೈಗಂಟಿದ ಸಮವಸ್ತ್ರ. ಈ ಬಾಗಿಲನ್ನು ಬಲ್ಲವರು ಕಡಿಮೆ. ಇಡೀ ಪ್ರವಾಸದಲ್ಲಿ ನನ್ನ ಯೋಚನೆಯ ದಿಕ್ಕು ಬದಲಾದದ್ದು ಈ ಬಾಗಿಲ ಮುಂದೆ.

ಆ ಫೋಟೋ ಸಿಕ್ಕಿದ್ದು ಆಕಸ್ಮಿಕವಾಗಿ ಅಲ್ಲ. ಮಿಶಿಮಾ ಇಬ್ಬರು ಪತ್ರಕರ್ತರನ್ನು ಮೊದಲೇ ಹತ್ತಿರಕ್ಕೆ ಕರೆಸಿಕೊಂಡಿದ್ದ. ಪತ್ರ, ಘೋಷಣೆಯ ಪ್ರತಿ, ತನ್ನ ಹುಡುಗರ ಫೋಟೋಗಳು, ಎಲ್ಲ ಅವರ ಕೈ ಸೇರುವ ಹಾಗೆ ನೋಡಿಕೊಂಡಿದ್ದ. ನಾಲ್ಕು ಸಂಪುಟದ ತನ್ನ ದೊಡ್ಡ ಕಾದಂಬರಿಯ ಕೊನೆಯ ಹಾಳೆಗೆ ಅದೇ ದಿನದ ತಾರೀಖು ಹಾಕಿ ಪ್ರಕಾಶಕರಿಗೆ ಕೊಡಲು ಇಟ್ಟು ಹೊರಟಿದ್ದ. ಅದಕ್ಕೂ ಮೊದಲಿನ ತಾಲೀಮು ಇನ್ನೂ ಉದ್ದದ್ದು. 1961ರಲ್ಲಿ ‘ಪೇಟ್ರಿಯಾಟಿಸಂ’ ಕಥೆ ಬಂತು. ಅದರಲ್ಲಿ ಒಬ್ಬ ತರುಣ ಸೇನಾಧಿಕಾರಿ ಹೆಂಡತಿಯ ಎದುರು ಹೀಗೇ ಸಾಯುತ್ತಾನೆ. 1966ರಲ್ಲಿ ಅದನ್ನು ಸಿನಿಮಾ ಮಾಡಿ ಆ ಪಾತ್ರವನ್ನು ತಾನೇ ಹಾಕಿದ. 1969ರಲ್ಲಿ ಬೇರೆಯವರ ಸಿನಿಮಾದಲ್ಲೂ ಸೆಪ್ಪುಕು ಮಾಡಿಕೊಳ್ಳುವ ಸಮುರಾಯ್ ಪಾತ್ರವೇ.

ಎಲ್ಲ ಅವನ ಲೆಕ್ಕದಂತೆ ನಡೆಯಿತು, ಸೈನಿಕರನ್ನು ಬಿಟ್ಟು. ಕೆಳಗೆ ನಿಂತಿದ್ದ ನೂರಾರು ಜನ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ಮೈಕ್ ಇರಲಿಲ್ಲ, ಮೇಲೆ ಹೆಲಿಕಾಪ್ಟರ್ ಸದ್ದು. ಯುದ್ಧವನ್ನೇ ಬಿಟ್ಟುಕೊಟ್ಟ ಸಂವಿಧಾನ ನಿಮ್ಮನ್ನು ಸೈನ್ಯ ಎಂದು ಒಪ್ಪುವುದಿಲ್ಲ, ಅದನ್ನು ಬದಲಿಸಲು ನನ್ನ ಜೊತೆ ಯಾರಾದರೂ ಬರುತ್ತೀರಾ ಎಂದು ಕೇಳಿದ. ಕೆಳಗಿಳಿದು ಬಾ ಎಂದು ಅವರು ಕೂಗಿದರು. ಅರ್ಧ ಗಂಟೆಯ ಭಾಷಣ ಹತ್ತು ನಿಮಿಷದೊಳಗೆ ಮುಗಿಯಿತು. ಮಿಶಿಮಾನ ಅಭಿಮಾನಿಗಳು ಆ ಸೈನಿಕರನ್ನು ಹೇಡಿಗಳು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತಮ್ಮ ಅಧಿಕಾರಿಯನ್ನು ಕಟ್ಟಿಹಾಕಿ, ಜೊತೆಯವರಿಗೆ ಕತ್ತಿ ಬೀಸಿದವನ ಮಾತಿಗೆ ಅವರು ಕೊಟ್ಟ ಉತ್ತರ ಸರಿಯಾಗೇ ಇತ್ತು. ಹಿಂದೊಮ್ಮೆ ಅದೇ ಕಟ್ಟಡದಿಂದ ಬಂದ ಆಜ್ಞೆಗೆ ಒಂದು ಇಡೀ ತಲೆಮಾರು ಬಾಯಿ ಮುಚ್ಚಿಕೊಂಡು ಹೊರಟು ಸತ್ತಿತ್ತು. ಈ ಸಲ ಹುಡುಗರು ಬಾಯಿ ಬಿಟ್ಟರು.

ಆ ತಲೆಮಾರಿನ ಜೊತೆ ಮಿಶಿಮಾನೂ ಹೋಗಬೇಕಿತ್ತು. ಅವನ ಬದುಕಿನಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ ಘಟನೆ. ಅವನ ನಿಜವಾದ ಹೆಸರು ಕಿಮಿತಾಕೆ ಹಿರಾವೋಕಾ. ಹುಟ್ಟಿದ್ದು 1925ರ ಜನವರಿ 14. ಹುಟ್ಟಿದ ಸ್ವಲ್ಪ ದಿನಕ್ಕೇ ಅಜ್ಜಿ ಅವನನ್ನು ತಾಯಿಯಿಂದ ತೆಗೆದುಕೊಂಡು ತನ್ನ ಕಾಯಿಲೆಯ ಕೋಣೆಯಲ್ಲಿ ಸಾಕಿದಳು. ಹನ್ನೆರಡು ವರ್ಷದವರೆಗೂ ಹಾಗೇ. ಗಂಡುಹುಡುಗರ ಜೊತೆ ಆಟವಿಲ್ಲ, ಜೋರಾಗಿ ಮಾತಿಲ್ಲ. ಶ್ರೀಮಂತರ ಮಕ್ಕಳು ಓದುವ ಗಕುಶುಇನ್ ಶಾಲೆಯಲ್ಲಿ 1944ರಲ್ಲಿ ಎಲ್ಲರಿಗಿಂತ ಮೊದಲಿಗನಾಗಿ ಪಾಸಾಗಿ, ಚಕ್ರವರ್ತಿಯಿಂದ ಬೆಳ್ಳಿ ಗಡಿಯಾರ ಪಡೆದ. ಮರುವರ್ಷ ಫೆಬ್ರವರಿಯಲ್ಲಿ ಸೈನ್ಯಕ್ಕೆ ಸೇರಲು ಕರೆ ಬಂತು. ತಂದೆಯ ಜೊತೆ ಪೂರ್ವಜರ ಊರಿನ ಕಡೆ, ಹ್ಯೋಗೊಗೆ ಹೋದ. ಜ್ವರ, ಕೆಮ್ಮು ಇತ್ತು. ಪರೀಕ್ಷೆ ಮಾಡಿದ ತರುಣ ವೈದ್ಯ ಅದನ್ನು ಶ್ವಾಸಕೋಶದ ಕಾಯಿಲೆ ಅಂದುಕೊಂಡು ಅವತ್ತೇ ಮನೆಗೆ ಕಳಿಸಿದ. ಗೇಟು ದಾಟಿದ್ದೇ ಅಪ್ಪ ಮಗನ ಕೈ ಹಿಡಿದು ಓಡಿದರಂತೆ. ಎಲ್ಲಿ ವಾಪಸ್ ಕರೆಯುತ್ತಾರೋ ಎಂದು ತಿರುಗಿ ತಿರುಗಿ ನೋಡುತ್ತಾ ಓಡಿದ್ದನ್ನು ತಂದೆ ಆಮೇಲೆ ಬರೆದಿದ್ದಾರೆ.

ಇಪ್ಪತ್ತು ವರ್ಷದ ಹುಡುಗ ಬದುಕಬೇಕು ಅಂತ ಓಡಿದ. ಅದರಲ್ಲಿ ತಪ್ಪೇನಿದೆ? ಆದರೆ ಅವನ ಸಹಪಾಠಿಗಳಲ್ಲಿ ಹಲವರು ವಾಪಸ್ ಬರಲಿಲ್ಲ. ಆ ಅಕ್ಟೋಬರಿನಲ್ಲಿ ತಂಗಿ ಮಿತ್ಸುಕೊ ಟೈಫಾಯ್ಡ್ ಬಂದು ಹೋದಳು. 17 ವರ್ಷ ಅವಳಿಗೆ. ಯುದ್ಧ ಮುಗಿದದ್ದಕ್ಕಿಂತ ತಂಗಿ ಸತ್ತದ್ದು ಅವನಿಗೆ ದೊಡ್ಡ ಪೆಟ್ಟಾಯಿತು. ಮುಂದೆ ಕಾನೂನು ಓದಿ, ಹಣಕಾಸು ಸಚಿವಾಲಯದಲ್ಲಿ ಕೆಲಸ ಹಿಡಿದು, ಒಂದು ವರ್ಷದೊಳಗೆ ಬಿಟ್ಟ. 1949ರಲ್ಲಿ ಬಂದ ‘ಕನ್ಫೆಷನ್ಸ್ ಆಫ್ ಎ ಮಾಸ್ಕ್’ನಲ್ಲಿ ಆ ಗೇಟಿನ ಓಟವನ್ನು ಅವನೇ ಬರೆದಿದ್ದಾನೆ. ಸಾಯಲು ಆಸೆ ಇದ್ದವನು ವೈದ್ಯನ ಮುಂದೆ ಸುಳ್ಳು ಯಾಕೆ ಹೇಳಿದೆ ಎಂದು ಅಲ್ಲಿನ ನಾಯಕ ತನ್ನನ್ನೇ ಕೇಳಿಕೊಳ್ಳುತ್ತಾನೆ. ಇಚಿಗಾಯಾಕ್ಕೆ ಹೋಗುವ ದಾರಿ ಅಲ್ಲಿಂದಲೇ ಶುರುವಾಯಿತು ಎಂದು ನನ್ನ ನಂಬಿಕೆ. ಚಕ್ರವರ್ತಿ, ಸಂವಿಧಾನ, ಸಮುರಾಯ್ ಪರಂಪರೆ, ಇವೆಲ್ಲ ಆಮೇಲೆ ಬಂದು ಸೇರಿಕೊಂಡವು. ಸುಳ್ಳಾಗಿ ಸೇರಿಕೊಂಡವು ಅನ್ನುತ್ತಿಲ್ಲ. 1969ರ ಮೇ ತಿಂಗಳಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಕೊಮಾಬಾ ಕ್ಯಾಂಪಸ್ಸಿನಲ್ಲಿ ಎಡಪಂಥೀಯ ವಿದ್ಯಾರ್ಥಿಗಳ ಮಧ್ಯೆ ಒಬ್ಬನೇ ಹೋಗಿ ವಾದ ಮಾಡಿದವನು ಅವನು. ನೀವು ಚಕ್ರವರ್ತಿ ಎಂಬ ಒಂದು ಮಾತು ಹೇಳಿದರೆ ನಾನು ನಿಮ್ಮ ಕೈ ಹಿಡಿಯುತ್ತೇನೆ ಅಂದಿದ್ದ. ಹುಡುಗರ ಸಿಟ್ಟನ್ನು ಅವನು ಗೌರವಿಸಿದ. ಅವರೂ ಅವನ ಮಾತು ಕೇಳಿದರು. ಆ ಮಿಶಿಮಾನನ್ನು ಕಂಡರೆ ನನಗೆ ಪ್ರೀತಿ.

ಇಚಿಗಾಯಾದಿಂದ ಹೊರಬಂದು ಗೆಳೆಯ ಕೇಳಿದ, "ಈಗ ಸಮಾಧಾನ ಆಯ್ತಾ ಮಾರಾಯ?" ಇಲ್ಲ ಅಂದೆ.

ಕ್ಯೋಟೊದಲ್ಲಿ ಚಿನ್ನದ ಮಂಟಪವನ್ನೂ ನೋಡಿದೆ. 1950ರಲ್ಲಿ ಒಬ್ಬ ಎಳೆಯ ಸನ್ಯಾಸಿ ಸುಟ್ಟುಹಾಕಿದ ಮೇಲೆ 1955ರಲ್ಲಿ ಮತ್ತೆ ಕಟ್ಟಿದ್ದು. ಮರುವರ್ಷವೇ ಆ ಘಟನೆಯ ಮೇಲೆ ಮಿಶಿಮಾನ ಕಾದಂಬರಿ ಬಂತು. ವಿಪರೀತ ಜನ. ಸೆಲ್ಫಿ ತೆಗೆಯುವವರ ಮಧ್ಯೆ ಐದು ನಿಮಿಷ ನಿಲ್ಲಲೂ ಆಗಲಿಲ್ಲ. ಪುಸ್ತಕದಲ್ಲಿರುವ ಮಂಟಪವೇ ನನಗೆ ಸಾಕು.

ಕ್ಯೋಟೊಗಿಂತ ನನಗೆ ಮುಖ್ಯವಾಗಿ ಬೇಕಿದ್ದುದು ಒಂದು ಚಿಕ್ಕ ದ್ವೀಪ. ಹೆಸರು ಕಾಮಿಶಿಮಾ. ನಗೋಯಾದಿಂದ ರೈಲಿನಲ್ಲಿ ತೋಬಾಕ್ಕೆ ಹೋಗಿ, ಅಲ್ಲಿಂದ ದೋಣಿ ಹಿಡಿಯಬೇಕು. ಆ ರೈಲು ಯೊಕ್ಕಾಯಿಚಿ ಎಂಬ ಊರಿನ ಮೇಲೆ ಹೋಗುತ್ತದೆ. ಕಿಟಕಿಯಲ್ಲಿ ಕಾರ್ಖಾನೆ ಚಿಮಣಿಗಳು, ಮನೆಗಳ ಸಾಲು. ಊರಿನ ಹೆಸರು ಬಂದಾಗ ಗೆಳೆಯನಿಗೆ ಹೇಳಿದೆ: ಇದು ಮಸಕತ್ಸು ಮೊರಿತಾನ ಊರು.

ಮೊರಿತಾ ಯಾರು ಎಂದು ಅವನು ಕೇಳಿದ. ಜಪಾನಿನಲ್ಲಿ ವರ್ಷಗಳಿಂದ ಇರುವವನು, ಮಿಶಿಮಾ ಕಥೆ ಗೊತ್ತಿದ್ದವನು. ಆದರೂ ಗೊತ್ತಿರಲಿಲ್ಲ. ಮಿಶಿಮಾ ತನ್ನ ಕೈಯಿಂದ ದುಡ್ಡು ಹಾಕಿ ಕಟ್ಟಿದ ತಾತೆನೊಕಾಯ್ ಎಂಬ ಪುಟ್ಟ ಪಡೆಯಲ್ಲಿ ಮೊರಿತಾ ವಿದ್ಯಾರ್ಥಿಗಳ ನಾಯಕ. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು ಅಣ್ಣನ ಆಸರೆಯಲ್ಲಿ ಬೆಳೆದವನು. ವಾಸೆದಾ ವಿಶ್ವವಿದ್ಯಾಲಯಕ್ಕೆ ಓದಲು ಹೋದ. ಮಿಶಿಮಾನ ಹಿಂದೆಯೇ, ಅದೇ ಕೋಣೆಯಲ್ಲಿ ಅವನೂ ಸತ್ತ. 25 ವರ್ಷ. ಉಳಿದ ಮೂವರನ್ನು ಬದುಕಿ ಕೋರ್ಟಿನಲ್ಲಿ ನಮ್ಮ ಮಾತು ಹೇಳಿ ಎಂದು ಮಿಶಿಮಾ ಬಿಟ್ಟುಹೋಗಿದ್ದ. ಅವರಿಗೆ 1972ರಲ್ಲಿ ನಾಲ್ಕು ವರ್ಷ ಜೈಲಾಯಿತು.

ಮೊರಿತಾನೇ ಮಿಶಿಮಾನನ್ನು ಈ ಕೆಲಸಕ್ಕೆ ತಳ್ಳಿದ ಅನ್ನುವವರಿದ್ದಾರೆ. ಸಾಯಬೇಡ ಎಂದು ಮಿಶಿಮಾ ಅವನಿಗೆ ಹೇಳಿ ನೋಡಿದ ಅನ್ನುವವರೂ ಇದ್ದಾರೆ. ಇರಬಹುದು. ಆದರೂ ಒಬ್ಬನಿಗೆ 45, ಇನ್ನೊಬ್ಬನಿಗೆ 25. ಒಬ್ಬ ಇಡೀ ದೇಶಕ್ಕೆ ಗೊತ್ತಿದ್ದ ಲೇಖಕ, ನೊಬೆಲ್ ಸಿಗಬಹುದು ಎಂದು ಹೆಸರು ಓಡಾಡುತ್ತಿದ್ದವನು. ಇನ್ನೊಬ್ಬ ಅಪ್ಪ ಇಲ್ಲದೆ ಬೆಳೆದ ಹುಡುಗ. ಇಪ್ಪತ್ತರಲ್ಲಿ ತನ್ನ ಅಪ್ಪ ಕೈ ಹಿಡಿದು ಓಡಿಸಿದ್ದನ್ನು ಮಿಶಿಮಾ ಮರೆಯಬಾರದಿತ್ತು. ಹಿರಿಯನಾಗಿ ಈ ಹುಡುಗನ ಕೈ ಹಿಡಿದು ಎಳೆದುಕೊಂಡು ಬರಬೇಕಿತ್ತು. ಮಿಶಿಮಾನ ಮೇಲೆ ನನಗಿರುವ ಸಿಟ್ಟೆಲ್ಲ ಇದೊಂದೇ. ಅವನ ರಾಜಕೀಯವನ್ನು ವಾದದಲ್ಲಿ ಎದುರಿಸಬಹುದು. ಇದಕ್ಕೆ ಏನು ಉತ್ತರ?

ಕಾಮಿಶಿಮಾ ದ್ವೀಪ ಒಂದು ಸುತ್ತು ಬಂದರೆ ನಾಲ್ಕು ಕಿಲೋಮೀಟರ್ ಆದೀತು. ಕಡಿದಾದ ಗುಡ್ಡಕ್ಕೆ ಅಂಟಿಕೊಂಡ ಮನೆಗಳು, ಎರಡು ಮನೆಗಳ ಮಧ್ಯೆ ಒಬ್ಬರು ದಾಟುವಷ್ಟು ಓಣಿ. ದಡದಲ್ಲಿ ಆಕ್ಟೋಪಸ್ ಹಿಡಿಯುವ ಮಡಕೆಗಳನ್ನು ಗುಡ್ಡೆ ಹಾಕಿದ್ದರು. ಪಟ್ಟಣದ ಗಾಳಿ ಸೋಕದ ಜಾಗ ಬೇಕು ಎಂದು ಮಿಶಿಮಾ ಹುಡುಕುತ್ತಿದ್ದ. ತಂದೆ ಮೀನುಗಾರಿಕೆ ಇಲಾಖೆಯಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು, ಆ ಕಡೆಯಿಂದ ಈ ದ್ವೀಪದ ಹೆಸರು ಸಿಕ್ಕಿತು. 1953ರಲ್ಲಿ ಬಂದು ಮೀನುಗಾರರ ಸಂಘದ ಮುಖ್ಯಸ್ಥರ ಮನೆಯಲ್ಲಿ ಉಳಿದ. ದೋಣಿಯಲ್ಲಿ ಹೋದ, ಮನೆಮನೆ ತಿರುಗಿದ. ಅದಕ್ಕೆ ಹಿಂದಿನ ವರ್ಷವೇ ಗ್ರೀಸ್ ನೋಡಿ ಬಂದಿದ್ದ. ಬಿಸಿಲು, ಕಡಲು, ಆರೋಗ್ಯವಾದ ಮೈ, ಇದರ ಹುಚ್ಚು ಹತ್ತಿದ್ದ ಕಾಲ. 1954ರಲ್ಲಿ ‘ದ ಸೌಂಡ್ ಆಫ್ ವೇವ್ಸ್’ ಬಂತು. ಒಬ್ಬ ಬಡ ಮೀನುಗಾರ ಹುಡುಗ, ಕಡಲಲ್ಲಿ ಮುಳುಗಿ ಚಿಪ್ಪು ತೆಗೆಯುವ ಹುಡುಗಿ. ಇಬ್ಬರೂ ಪ್ರೀತಿಸುತ್ತಾರೆ, ಊರು ಆಡಿಕೊಳ್ಳುತ್ತದೆ, ಕೊನೆಗೆ ಒಂದಾಗುತ್ತಾರೆ. ಅಷ್ಟೇ ಕಥೆ. ವಿಮರ್ಶಕರು ಅದನ್ನು ಸಿಹಿ ಜಾಸ್ತಿಯಾದ ಪುಸ್ತಕ ಎಂದು ಪಕ್ಕಕ್ಕಿಡುತ್ತಾರೆ. ನಾನು ಒಪ್ಪುವುದಿಲ್ಲ.

ಯಾಶಿರೊ ದೇವಸ್ಥಾನಕ್ಕೆ 214 ಕಲ್ಲಿನ ಮೆಟ್ಟಿಲು. ಹತ್ತಿ, ಆಚೆ ಕಾಡುದಾರಿಯಲ್ಲಿ ಹೋದರೆ ಲೈಟ್‌ಹೌಸ್. ಇನ್ನೂ ಮುಂದೆ ಒಂದು ಕಾಂಕ್ರೀಟ್ ಕಟ್ಟಡ. ಕಿಟಕಿಗಳಿಗೆ ಬಾಗಿಲಿಲ್ಲ, ಗೋಡೆ ಬೂದು ಬಣ್ಣ. ಎದುರಿನ ಇರಾಗೊ ಕಡೆಯಿಂದ ಸೈನ್ಯ ಫಿರಂಗಿ ಪರೀಕ್ಷೆ ಮಾಡುವಾಗ ಗುಂಡು ಎಲ್ಲಿ ಬೀಳುತ್ತದೆ ಎಂದು ಇಲ್ಲಿ ನಿಂತು ನೋಡುತ್ತಿದ್ದರು. ಕಾದಂಬರಿಯಲ್ಲಿ ಮಳೆಗೆ ನೆಂದ ಹುಡುಗ ಹುಡುಗಿ ಬೆಂಕಿ ಹಾಕಿಕೊಂಡು ಬಟ್ಟೆ ಒಣಗಿಸುವುದು ಇದೇ ಜಾಗದಲ್ಲಿ. ಹುಡುಗಿ ಬೆಂಕಿಯ ಆಚೆ ನಿಂತು, ಇದನ್ನು ಹಾರಿ ಬಾ ಅನ್ನುತ್ತಾಳೆ. ಅವನು ಹಾರುತ್ತಾನೆ. ಆಮೇಲೆ ಅವಳು ಬೇಡ ಅಂದಾಗ ಸುಮ್ಮನಾಗುತ್ತಾನೆ. ಯುದ್ಧ ಮುಗಿದು ಎಂಟು ವರ್ಷವಾಗಿತ್ತು. ಸೈನ್ಯ ಬಿಟ್ಟುಹೋದ ಕಟ್ಟಡವನ್ನು ಒಬ್ಬ ಲೇಖಕ ಒಬ್ಬ ಹುಡುಗ, ಒಬ್ಬ ಹುಡುಗಿಯ ಪ್ರೀತಿಗೆ ಕೊಟ್ಟ. ಕಾಂಕ್ರೀಟಿನ ಆ ಕೋಣೆಯಲ್ಲಿ ನಿಂತಾಗ ನನಗೆ ಇಚಿಗಾಯಾ ಅರ್ಥವಾಗಲಿಲ್ಲ. ಆದರೆ ಇಚಿಗಾಯಾದಲ್ಲಿ ಎಂಥವನನ್ನು ಕಳೆದುಕೊಂಡೆವು ಅನ್ನುವುದು ಅರ್ಥವಾಯಿತು.

ದೋಣಿಗೆ ಕಾಯುವಾಗ ಒಬ್ಬ ಅಜ್ಜಿ ಪಕ್ಕದಲ್ಲಿ ಕೂತಿದ್ದರು. ನಾವು ಮಿಶಿಮಾನಿಗಾಗಿ ಬಂದವರು ಎಂದು ಗೆಳೆಯ ಹೇಳಿದ. ಆ ಮನುಷ್ಯ ಬಂದಿದ್ದಾಗ ನಾನು ಚಿಕ್ಕವಳು, ತುಂಬಾ ಬೆಳ್ಳಗಿದ್ದ, ಎಲ್ಲದಕ್ಕೂ ಹೆಸರೇನು ಹೆಸರೇನು ಎಂದು ಕೇಳುತ್ತಿದ್ದ ಎಂದು ನಮ್ಮ ದೊಡ್ಡವರು ಹೇಳುತ್ತಿದ್ದರು ಅಂದರು. ಸಾವಿನ ಮಾತು ಎತ್ತಲಿಲ್ಲ. ನಾವೂ ಎತ್ತಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಮಿಶಿಮಾ ನಮ್ಮ ದೇಶಕ್ಕೂ ಬಂದಿದ್ದ. 1967ರಲ್ಲಿ, ಭಾರತ ಸರ್ಕಾರದ ಆಹ್ವಾನದ ಮೇಲೆ. ಇಂದಿರಾ ಗಾಂಧಿಯವರನ್ನು ಭೇಟಿಯಾದ. ಅಜಂತಾ, ಎಲ್ಲೋರಾ, ಕಲ್ಕತ್ತಾ, ಕಾಶಿ ನೋಡಿದ. ಅದೆಲ್ಲ ಆ ನಾಲ್ಕು ಸಂಪುಟಗಳಲ್ಲಿ ಒಂದಾದ ‘ದ ಟೆಂಪಲ್ ಆಫ್ ಡಾನ್’ ಕಾದಂಬರಿಗೆ ಬಂದಿದೆ. ಕಾಳೀಘಾಟಿನಲ್ಲಿ ಮೇಕೆ ಬಲಿ, ಕಾಶಿಯ ಘಾಟಿನಲ್ಲಿ ಉರಿಯುವ ಹೆಣಗಳು. ಅದನ್ನು ನೋಡಿದ ನಾಯಕ ಹೋಂಡಾ ಅಲ್ಲಾಡಿಹೋಗುತ್ತಾನೆ. ಆ ಪುಟಗಳಲ್ಲಿ ವಿದೇಶಿಯ ಅಸಹ್ಯ ಇಲ್ಲ. ನಿಜವಾದ ದಿಗಿಲು ಇದೆ. ಮಣಿಕರ್ಣಿಕಾದಲ್ಲಿ ಹೆಣ ಸುಡುವ ಪಕ್ಕದಲ್ಲೇ ಚಹಾ ಮಾರುತ್ತಾರೆ, ನಾಯಿ ಮಲಗಿರುತ್ತದೆ, ಯಾರೂ ಯಾರನ್ನೂ ತಿರುಗಿ ನೋಡುವುದಿಲ್ಲ. ಅಲ್ಲಿ ಸಾವಿಗೆ ವೇದಿಕೆ ಬೇಕಿಲ್ಲ, ನೋಡುವವರೂ ಬೇಕಿಲ್ಲ. ಅಷ್ಟು ಚೆನ್ನಾಗಿ ಅದನ್ನು ಕಂಡು ಬರೆದವನು, ಮೂರೇ ವರ್ಷಕ್ಕೆ ಬಾಲ್ಕನಿ ಹತ್ತಿದ. ಕಾಶಿಯ ಪುಟಗಳನ್ನು ತಿರುವಿದಾಗೆಲ್ಲ ನನಗೆ ಇದು ನೋಯುತ್ತದೆ.

ಮಿಶಿಮಾನನ್ನು ಎಲ್ಲಿಂದ ಶುರು ಮಾಡಲಿ ಎಂದು ಕೆಲವರು ಕೇಳುತ್ತಾರೆ. ಮೊದಲೆಲ್ಲ ‘ಪೇಟ್ರಿಯಾಟಿಸಂ’ ಕಥೆಯ ಹೆಸರು ಹೇಳುತ್ತಿದ್ದೆ. ಚಿಕ್ಕದು, ಕೂತ ಕಡೆಯೇ ಓದಿ ಮುಗಿಸಬಹುದು. ಈಗ ‘ದ ಸೌಂಡ್ ಆಫ್ ವೇವ್ಸ್’ ಮೊದಲು ಓದಿ ಅನ್ನುತ್ತೇನೆ. ಆಮೇಲೆ ಚಿನ್ನದ ಮಂಟಪ. ಅದಾದ ಮೇಲೆ ‘ಸ್ಪ್ರಿಂಗ್ ಸ್ನೋ’ದಿಂದ ಹಿಡಿದು ನಾಲ್ಕೂ ಸಂಪುಟ, ಆತುರ ಮಾಡದೆ. ‘ಪೇಟ್ರಿಯಾಟಿಸಂ’ ಕೊನೆಗೆ. ಗೆಳೆಯ ಈಗ ನಾಲ್ಕನೇ ಸಂಪುಟದಲ್ಲಿದ್ದಾನೆ. ಯೊಕ್ಕಾಯಿಚಿಯಲ್ಲಿ ಮೊರಿತಾನ ಸಮಾಧಿ ಇದೆ ಎಂದು ಗೊತ್ತಾದ ಮೇಲೆ, ಮುಂದಿನ ಸಲ ನೀನು ಬಂದಾಗ ಅಲ್ಲಿ ಇಳಿಯೋಣ ಎಂದು ಮೆಸೇಜ್ ಮಾಡಿದ್ದಾನೆ.